ಅಜ್ಜನ ಗೂಡಿನೊಳಗಿನ ಅಣಬೆ

ಮಳೆ ಹಿಡಿದು ಎರಡು ದಿನವಾದರೆ ಸಾಕು, ನನ್ನ ಮೊಬೈಲಿಗೆ ಅಣಬೆಗಳ ಫೋಟೋ ಬರಲು ಶುರುವಾಗುತ್ತವೆ. ಹುನಗುಂದದಲ್ಲಿ ವಕೀಲಿ ಮಾಡುವ ತಮ್ಮನ ಮಗ ಕಳಿಸುತ್ತಾನೆ, ಇಳಕಲ್ಲಿನ ನನ್ನ ಹಳೆಯ ವಿದ್ಯಾರ್ಥಿಗಳು ಕಳಿಸುತ್ತಾರೆ, ನಾನು ಮುಖವನ್ನೇ ನೋಡದವರೂ ಕಳಿಸುತ್ತಾರೆ. ಎಲ್ಲವೂ ನೆಟ್ಟಗೆ ನಿಂತು ಮೇಲಿನಿಂದ ಹೊಡೆದ ಫೋಟೋ. ಕೆಳಗೆ ಒಂದೇ ಸಾಲು: ಮೇಡಂ, ಇದನ್ನು ತಿನ್ನಬಹುದಾ? ನನಗೆ ಸಿಟ್ಟು ನೆತ್ತಿಗೇರುತ್ತದೆ. ಟೊಪ್ಪಿಗೆ ನೋಡಿ ಮನುಷ್ಯನ ಹೆಸರು ಹೇಳು ಎಂದರೆ ಹೇಗಪ್ಪಾ ಹೇಳಲಿ? ಹೊರಳಿಸಿ ಅಡಿಯನ್ನು ತೋರಿಸಿ, ಅದು ಹುಟ್ಟಿದ ಜಾಗ ತೋರಿಸಿ, ಎಲೆಯ ಮೇಲೋ ಕಟ್ಟಿಗೆಯ ಮೇಲೋ ಸಗಣಿಯ ಮೇಲೋ ಬರೀ ಮಣ್ಣಿನ ಮೇಲೋ ಹೇಳಿ, ಹತ್ತಿರ ಯಾವ ಗಿಡ ಇತ್ತು ಬರೆಯಿರಿ ಎಂದು ಉತ್ತರ ಕೊಟ್ಟೂ ಕೊಟ್ಟೂ ಬೆರಳು ಸವೆದಿವೆ. ತಿನ್ನುವ ಮಾತನ್ನು ಮಾತ್ರ ನಾನು ಆಡುವುದಿಲ್ಲ. ಒಮ್ಮೆ ನನ್ನಿಂದಾಗಿ ಒಬ್ಬರ ನಾಲಿಗೆಯ ಮೇಲೆ ಅಣಬೆಯ ಪುಡಿ ಬಿದ್ದಿತ್ತು. ಆಗ ನನಗೆ ಹತ್ತು ವರ್ಷ. ಆ ಒಂದು ಮಧ್ಯಾಹ್ನದ ಹೆದರಿಕೆ ಈ ಜನ್ಮಕ್ಕೆ ಸಾಕು.

ಬಾದಾಮಿಯಲ್ಲಿ ನಮ್ಮ ಮನೆ ಗುಡ್ಡದ ಬುಡದ ಓಣಿಯಲ್ಲಿತ್ತು. ಕೆಂಪು ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಪಡಸಾಲೆಯ ನಡುವೆ ಒಂದು ಬೆಳಕಿಂಡಿ. ಪಡಸಾಲೆ ದಾಟಿದರೆ ಅಡುಗೆಮನೆ, ಅದರ ಮಗ್ಗುಲಿಗೆ ದೇವರ ಮನೆ. ದೇವರ ಮನೆ ಎಂದರೆ ದೊಡ್ಡದೇನಲ್ಲ, ಇಬ್ಬರು ಕುಳಿತರೆ ಮೂರನೆಯವರು ಹೊಸ್ತಿಲಲ್ಲೇ ನಿಲ್ಲಬೇಕು. ಗೋಡೆಯಲ್ಲಿ ಒಂದು ಗೂಡು, ಗೂಡಿನೊಳಗೆ ಎರಡು ಅಂಗೈಯಷ್ಟು ಅಗಲದ ಕರಿಯ ಕಡಪ ಕಲ್ಲು. ಆ ಕಲ್ಲಿನ ಮೇಲೆ ನಮ್ಮ ಅಜ್ಜ ವಿಭೂತಿಯ ಗಟ್ಟಿ ಇಡುತ್ತಿದ್ದ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಪೂಜೆ ಮುಗಿಸಿ, ಮೂರು ಬೆರಳಿಂದ ಹಣೆಗೆ ವಿಭೂತಿ ಎಳೆದುಕೊಂಡು, ಹೊಸ್ತಿಲಲ್ಲಿ ನಿಂತ ನನ್ನ ಹಣೆಗೂ ಒಂದು ಎಳೆದು ಸಾಲೆಗೆ ಕಳಿಸುತ್ತಿದ್ದ. ನಾನು ಹೇಳುತ್ತಿರುವ ಮಳೆಗಾಲಕ್ಕೆ ಮುಂಚಿನ ಚಳಿಗಾಲದಲ್ಲಿ ಅವನು ಹೋಗಿಬಿಟ್ಟ. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಅಳಲಿಲ್ಲ. ಲಿಂಗೈಕ್ಯರಾದವರಿಗಾಗಿ ಅಳಬಾರದು ಎಂದು ಅತ್ತ ಹೆಂಗಸರನ್ನೇ ಗದರಿಸಿದಳು. ಆದರೆ ಅಂದಿನಿಂದ ಅವಳ ಊಟ ಅರ್ಧ ರೊಟ್ಟಿಗೆ ಬಂತು, ಬರಬರುತ್ತ ಕಾಲು ರೊಟ್ಟಿ ಆಯಿತು. ಅಜ್ಜನ ಗೂಡಿನ ಕಡೆ ಅವಳು ಕೈ ಚಾಚುವುದನ್ನೂ ಬಿಟ್ಟಳು. ತನ್ನ ವಿಭೂತಿಯನ್ನು ಕೆಳಗೆ ತಾಮ್ರದ ಬಟ್ಟಲಿನಲ್ಲಿ ಬೇರೆ ಇಟ್ಟುಕೊಂಡಳು.

ಆಯಿ ಊಟ ಬಿಟ್ಟದ್ದು ನಮ್ಮವ್ವನಿಗೆ ದುಃಖಕ್ಕಿಂತ ಹೆಚ್ಚಾಗಿ ಅವಮಾನವಾಗಿತ್ತು. ತನ್ನ ಕೈಯಡುಗೆಯನ್ನು ಅತ್ತೆ ಮುಟ್ಟುತ್ತಿಲ್ಲ ಎಂದು ಓಣಿಯವರು ಆಡಿಕೊಳ್ಳುತ್ತಾರೆಂಬ ಭಯ. ಝುಣಕ ಮಾಡಿದಳು, ಎಣ್ಣೆಗಾಯಿ ಮಾಡಿದಳು, ಹೋಳಿಗೆಯನ್ನೂ ಮಾಡಿ ನೋಡಿದಳು. ದಿನಾ ಊಟದ ಹೊತ್ತಿಗೆ ಅದೇ ಜಗಳ.

“ಅತ್ತೀ, ಇನ್ನೊಂದ ತುತ್ತ ತಿನ್ರಿ. ಹಿಂಗ ಉಪಾಸ ಕುಂತ್ರ ಮಂದಿ ನನಗ ಅಂತಾರ.”

“ಮಂದಿ ಸಲವಾಗಿ ತಿನ್ಲೇನು? ಗಂಟಲದಾಗ ಇಳ್ಯಾಂಗಿಲ್ಲ, ಬಿಡು.”

ಅಪ್ಪ ಇಬ್ಬರ ನಡುವೆ ತಲೆ ಬಗ್ಗಿಸಿ ಉಂಡು, ಬಾಯಿ ತೊಳೆಯುವುದಕ್ಕೂ ನಿಲ್ಲದೆ ತನ್ನ ಸೈಕಲ್ ಅಂಗಡಿಗೆ ಓಡುತ್ತಿದ್ದ. ಮನೆಯಲ್ಲಿ ಕೂರಲಾಗದೆ ನಾನು ಓಡುತ್ತಿದ್ದದ್ದು ಗುಡ್ಡಕ್ಕೆ, ಮಾಳವ್ವನ ಹಿಂದೆ.

ಮಾಳವ್ವ ಕುರಿ ಕಾಯುವವಳು, ಬೀರಪ್ಪ ದೇವರ ಒಕ್ಕಲು. ಮಧ್ಯಾಹ್ನ ನಮ್ಮ ಕಟ್ಟೆಗೆ ಬಂದು ಒಂದು ಚರಿಗೆ ಮಜ್ಜಿಗೆ ಕುಡಿದು ಹೋಗುವ ರೂಢಿ. ಒಳಗೆ ಬರುತ್ತಿರಲಿಲ್ಲ, ಬಾ ಎಂದು ಯಾರೂ ಕರೆಯುತ್ತಲೂ ಇರಲಿಲ್ಲ. ಮಹಾಕೂಟದ ದಾರಿಯ ಬಲಕ್ಕೆ ಗುಡ್ಡ ಸೀಳಿದಲ್ಲಿ ಒಂದು ಕೊಳ್ಳವಿದೆ; ಬಯಲೆಲ್ಲ ಕಾದ ಹಂಚಾದರೂ ಅಲ್ಲಿ ನೆರಳು, ತೇವ. ಮುತ್ತಲ, ಬೇವು, ಕಮರ, ಒಂದೆರಡು ಮುದಿ ಹುಣಸೆ. ಶ್ರಾವಣದಲ್ಲಿ ಅಲ್ಲಿ ಎಲೆ ಸರಿಸಿದರೆ ಸಾಕು, ಗುಂಡಿಯಷ್ಟು, ಹುಣಸೆಬೀಜದಷ್ಟು, ಗುಲಗಂಜಿಯಷ್ಟು ಪುಟ್ಟ ಅಣಬೆಗಳು. ಹುತ್ತದ ಮೇಲೆ ಏಳುವ ದೊಡ್ಡ ಅಣಬೆ ಎಲ್ಲರಿಗೂ ಗೊತ್ತು, ಅದಕ್ಕೆ ಜನ ಬುಟ್ಟಿ ಹಿಡಿದು ಹೋಗುತ್ತಾರೆ. ಈ ಸಣ್ಣವುಗಳನ್ನು ಕೇಳುವವರೇ ಇರಲಿಲ್ಲ. ನನಗೆ ಅವೇ ಬೇಕು. ಒಂದೊಂದನ್ನು ಕಿತ್ತು ಮಾಳವ್ವನ ಮುಖದ ಮುಂದೆ ಹಿಡಿದು ಇದೇನು, ಇದೇನು ಎಂದು ಅವಳ ಜೀವ ತಿನ್ನುತ್ತಿದ್ದೆ. ಅವಳು ಅಣಬೆಯನ್ನು ನೋಡುತ್ತಲೇ ಇರಲಿಲ್ಲ.

“ಎಲ್ಲಿ ಹುಟ್ಟಿತ್ತು, ಅದನ್ನ ಹೇಳ ಮೊದಲ. ಮಾರಿ ನೋಡಿ ಬೀಗತನ ಮಾಡ್ತಾರೇನ ಯಾರರ? ಮನಿ ನೋಡಿ ಮಾಡ್ತಾರ.”

ಹೀಗೆ ಮನೆ ನೋಡುವುದನ್ನು ಕಲಿತೆ. ಕುರಿ ಹಿಕ್ಕೆಯ ಮೇಲೆ ಹುಟ್ಟುವುದು ಬೂದಿ ಬಣ್ಣದ ಗಂಟೆಯಂಥದ್ದು, ಕಾಲು ದಾರದಷ್ಟು ಸಣ್ಣ. ತಿಪ್ಪೆಯ ಅಂಚಿನದು ಬೆಳಿಗ್ಗೆ ಬೆಳ್ಳಗಿದ್ದು ಸಂಜೆಗೆ ಕರಗಿ ಶಾಯಿಯಾಗಿ ಸುರಿಯುತ್ತದೆ. ಬಿದ್ದ ಟೊಂಗೆಯ ತೊಗಟೆಯ ಮೇಲಿನದು ಒಂಟಿಯಾಗಿ ಏಳುವುದಿಲ್ಲ, ಬಳಗ ಕಟ್ಟಿಕೊಂಡೇ ಏಳುತ್ತದೆ. ಒಣ ಎಲೆಯ ನರವನ್ನೇ ಹಿಡಿದು ನಿಲ್ಲುವ ಬಿಳಿಯದು ಎಷ್ಟು ಹಗುರವೆಂದರೆ ಊದಿದರೆ ಅಲುಗುತ್ತದೆ, ಕಿತ್ತರೆ ಎಲೆಯೂ ಜೊತೆಗೆ ಬರುತ್ತದೆ. ಅಣಬೆಯ ಅಡಿಗಿರುವ ಪದರುಗಳಿಗೆ ಮಾಳವ್ವ ಸೀರೆಯ ಲೆಕ್ಕದಲ್ಲಿ ನೆರಿಗೆ ಎನ್ನುತ್ತಿದ್ದಳು. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಮುಂದೆ ಮೂವತ್ತು ವರ್ಷ ವಿಜ್ಞಾನ ಕಲಿಸುವಾಗಲೂ ಮಕ್ಕಳಿಗೆ ನೆರಿಗೆ ಎಂದೇ ಹೇಳಿದೆ.

ಮನೆಗೆ ಅಣಬೆ ತರುವುದು ಮಾತ್ರ ಮಹಾಪರಾಧ. ನಮ್ಮಂಥ ಶೀಲದ ಮನೆಗಳಲ್ಲಿ ಅದು ಮಾಂಸದ ಸಾಲಿಗೇ ಸೇರಿದ್ದು.

“ನಾಯಿಕೊಡಿ ತಂದಿ ಅಂದ್ರ ಕೈ ಮುರೀತೇನಿ ನೋಡ. ದೇವರ ಇರೂ ಮನಿ ಇದು!” ಎಂದು ಅವ್ವ ಲಟ್ಟಣಿಗೆ ತೋರಿಸಿದ್ದಳು.

ಬೇಡ ಎಂದದ್ದನ್ನೇ ಮಾಡುವ ಗುಣ ನನಗೆ ಹುಟ್ಟಿನಿಂದ ಬಂದದ್ದು. ಒಂದು ಸಂಜೆ ಲಂಗದ ಉಡಿಯಲ್ಲಿ ಅಣಬೆ ತುಂಬಿಕೊಂಡು ಹಿತ್ತಲ ಬಾಗಿಲಿಂದ ನುಸುಳುವಾಗ ಅವ್ವನ ಬಳೆ ಸದ್ದಾಯಿತು. ಕೈಯಲ್ಲಿದ್ದ ಒಂದನ್ನು ನನ್ನ ಸಾಲೆಯ ಪಾಟಿಯ ಮೇಲೆ ಬೋರಲು ಹಾಕಿ, ಮೇಲೆ ಒಂದು ಬಟ್ಟಲು ಮುಚ್ಚಿ, ಮೂಲೆಗೆ ತಳ್ಳಿ ಮರೆತೇಬಿಟ್ಟೆ. ಮರುದಿನ ಬಟ್ಟಲು ಎತ್ತಿದರೆ ಅಣಬೆ ಬಾಡಿತ್ತು, ಅದರ ಕೆಳಗೆ ಕರಿಯ ಪಾಟಿಯ ಮೇಲೆ ಬಿಳಿ ಪುಡಿಯ ಒಂದು ದುಂಡು ಚಿತ್ರ! ನಡುವಿನಿಂದ ಅಂಚಿಗೆ ಗೆರೆ ಗೆರೆ, ಅಣಬೆಯ ನೆರಿಗೆ ಎಷ್ಟಿತ್ತೋ ಅಷ್ಟೇ ಗೆರೆ. ಯಾರೂ ಬರೆದದ್ದಲ್ಲ, ಅದೇ ಬರೆದದ್ದು. ಆ ಪುಡಿ ಅಣಬೆಯ ಬೀಜ ಎನ್ನುವುದು ಎಷ್ಟೋ ವರ್ಷದ ಮೇಲೆ ಕಾಲೇಜಿನಲ್ಲಿ ತಿಳಿಯಿತು. ಅಂದು ನನಗೆ ಗೊತ್ತಾದದ್ದು ಇಷ್ಟೇ: ಬಾಯಿಲ್ಲದ ವಸ್ತು ತನ್ನ ಗುರುತನ್ನು ತಾನೇ ಬಿಟ್ಟುಹೋಗುತ್ತದೆ. ಆಮೇಲೆ ಹುಚ್ಚು ಹಿಡಿಯಿತು. ಹಿಕ್ಕೆಯ ಅಣಬೆ ಕರಿ ಪುಡಿ ಬಿಟ್ಟಿತು, ತೊಗಟೆಯದು ತುಕ್ಕಿನ ಬಣ್ಣ, ಇನ್ನೊಂದು ಯಾವುದೋ ತಿಳಿ ಗುಲಾಬಿ. ಕರಿ ಪುಡಿಗೆ ಬಿಳಿ ಹಾಳೆ ಸಿಗುತ್ತಿತ್ತು. ಬಿಳಿ ಪುಡಿಗೆ ಕರಿ ಪಾಟಿ ಬೇಕು, ಪಾಟಿ ಸಾಲೆಗೂ ಬೇಕು. ಗಾಳಿಯಾಡದ, ಯಾರೂ ಕೈ ಹಾಕದ, ಕರಿಯ ಕಲ್ಲಿರುವ ಜಾಗ ಇಡೀ ಮನೆಯಲ್ಲಿ ಒಂದೇ ಇತ್ತು. ಹೌದು, ಅಜ್ಜನ ಗೂಡು. ಪಾಪವೆಂದು ಗೊತ್ತಿತ್ತು. ಅಜ್ಜ ಇದ್ದಿದ್ದರೆ ತಾನೇ ಜಾಗ ಮಾಡಿಕೊಡುತ್ತಿದ್ದ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಒಂದು ಶುಕ್ರವಾರ ಕೊಳ್ಳದಿಂದ ಏಳು ಪುಟ್ಟ ಬಿಳಿ ಅಣಬೆ ತಂದೆ. ಇಲ್ಲಿ ನಾನು ಮಾಡಿದ ತಪ್ಪು ಎಂದರೆ, ಬೇರೆ ಬೇರೆ ಕಡೆ ಕಿತ್ತದ್ದನ್ನೆಲ್ಲ ಒಂದೇ ಉಡಿಯಲ್ಲಿ ಹಾಕಿಕೊಂಡದ್ದು. ಮೇಲಿಂದ ನೋಡಿದರೆ ಏಳೂ ಒಂದೇ ತಾಯಿಯ ಮಕ್ಕಳಂತಿದ್ದವು. ಸಂಜೆ ಕಡಪ ಕಲ್ಲಿನ ಮೇಲೆ ಏಳನ್ನೂ ಬೋರಲಿಟ್ಟು ಸಾರಿನ ಅಗಲ ಬಟ್ಟಲು ಮುಚ್ಚಿದೆ. ಬೆಳಿಗ್ಗೆ ತೆಗೆದರೆ ಏಳು ಬಿಳಿ ಗಾಲಿಗಳು ಮೂಡಿದ್ದವು. ಬಲತುದಿಯ ಗಾಲಿಯ ಗೆರೆ ಎಣಿಸಿದೆ, ಹದಿನಾರು. ಉಳಿದವನ್ನು ಎಣಿಸುವಷ್ಟರಲ್ಲಿ ಅವ್ವ ಕೂಗಿದಳು. ಬಾಡಿದ ಅಣಬೆಗಳನ್ನು ತಿಪ್ಪೆಗೆಸೆದು, ಚಿತ್ರ ಕೆಡದಿರಲೆಂದು ಬಟ್ಟಲನ್ನು ಮತ್ತೆ ಮುಚ್ಚಿ ಸಾಲೆಗೆ ಓಡಿದೆ.

ಶನಿವಾರ ಸಾಲೆ ಬೇಗ ಬಿಡುತ್ತದೆ. ಬಂದು ನೋಡಿದರೆ ನಮ್ಮ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗೆ ನನ್ನ ಕೈ ಉಡಿಗೆ ಹೋಯಿತು. ಪಡಸಾಲೆಯಲ್ಲಿ ಓಣಿಯ ಹೆಂಗಸರು, ನಡುವೆ ಆಯಿ. ಅವಳ ಮುಂದೆ ಗಂಗಾಳ, ಗಂಗಾಳದ ತುಂಬ ರೊಟ್ಟಿ ಎಣ್ಣೆಗಾಯಿ. ಆಯಿ ಗಬಗಬ ಉಣ್ಣುತ್ತಿದ್ದಾಳೆ! ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಸಾರಿನ ಬಟ್ಟಲು ಕಾಣುತ್ತಿಲ್ಲವೆಂದು ಅವ್ವ ಮನೆಯೆಲ್ಲ ಹುಡುಕಿಸಿದ್ದಳಂತೆ, ಅದು ಆಯಿಯ ಕಣ್ಣಿಗೆ ಗೂಡಿನಲ್ಲಿ ಬಿದ್ದಿತ್ತು.

“ಗಿರಿಜೀ, ಬಾ ಇಲ್ಲಿ. ನಿಮ್ಮ ಅಜ್ಜಾರು ಬಂದಿದ್ರು. ತಮ್ಮ ಕಲ್ಲಿನ ಮ್ಯಾಲ ವಿಭೂತಿ ಬಿಟ್ಟ ಹೋಗ್ಯಾರ. ಗಾಲಿ ಗತೆ ದುಂಡಗ, ಗೆರಿ ಗೆರಿ. ಮನಷ್ಯಾರ ಕೈಲೆ ಆಗೂ ಕೆಲಸ ಅಲ್ಲದು.”

ಆಯಿಯ ಹಣೆಯ ಮೇಲೆ ನನ್ನ ಅಣಬೆಯ ಪುಡಿ ಮೂರೆಳೆಯಾಗಿತ್ತು.

“ಒಂದ ಹಣಿಗೆ ಹಚ್ಚಿಕೊಂಡೆ, ನಾಲಿಗಿಗೂ ಚೂರ ಇಟ್ಟಕೊಂಡೆ. ಇನ್ನ ಆರ ಉಳದಾವ. ಸೋಮವಾರ ಓಣ್ಯಾಗಿನ ಕೂಸುಗೋಳಿಗೆ ಒಂದೊಂದ ಚೂರ ನೆಕ್ಕಸೂದು.”

ನಾಲಿಗೆಗೆ! ಅಣಬೆ ತಿಂದು ಸತ್ತವರ ಕಥೆಗಳನ್ನು ನಾನು ಬೇಕಾದಷ್ಟು ಕೇಳಿದ್ದೆ. ಪಾಟಿಚೀಲ ಅಲ್ಲೇ ಒಗೆದು ಗುಡ್ಡಕ್ಕೆ ಓಡಿದೆ. ಏದುಸಿರಿನಲ್ಲಿ ಎಲ್ಲವನ್ನೂ ಹೇಳಿದಾಗ ಮಾಳವ್ವ ಹಣೆ ಚಚ್ಚಿಕೊಂಡಳು.

“ಅಯ್ಯ ನನ ಶಿವನ! ಬೆಳ್ಳಗಿದ್ದದ್ದೆಲ್ಲ ಹಾಲೇನ? ಎಲ್ಲಿ ಕಿತ್ತಿದ್ದಿ, ಖರೆ ಹೇಳ.”

“ಎಲ್ಲಾ ಕಡೆ ಕಿತ್ತು ಕೂಡಿಸಿಬಿಟ್ಟೇನಿ ಮಾಳವ್ವಾ. ಆಯಿ ಸಾಯ್ತಾಳೇನ?”

“ಬಾಯಿ ಮುಚ್ಚ. ನಡಿ, ನೋಡೂಣು.”

ಕೊಳ್ಳದಲ್ಲಿ ಅಂಥ ಪುಟ್ಟ ಬಿಳಿ ಅಣಬೆ ಎರಡು ಕಡೆ ಇದ್ದವು. ಒಂದು ಮುತ್ತಲದ ಒಣ ಎಲೆಗಳ ಮೇಲೆ. ಅದು ಕಸುವಿಲ್ಲದ್ದು, ಕುರಿ ತಿಂದರೂ ಏನೂ ಆಗುವುದಿಲ್ಲ ಎಂದಳು. ಇನ್ನೊಂದು ಹುಣಸೆಯ ಬುಡದ ಬರೀ ಮಣ್ಣಿನಲ್ಲಿ. ಅದನ್ನು ಕಾಲಿಂದ ದೂಡಿ ತೋರಿಸಿದಳು.

“ಇದ ಕೆಟ್ಟದ್ದ. ಇದನ್ನ ತಿಂದ ನಮ್ಮ ಮರಿ ಎರಡ ಜೊಲ್ಲ ಸುರಿಸಿ ಬಿದ್ದಾವ.”

ಮಾಳವ್ವನಿಗೆ ಮನೆ ಗೊತ್ತಿತ್ತು, ಆದರೆ ಮನೆ ಬಿಟ್ಟು ಬಂದದ್ದನ್ನು ಗುರುತಿಸುವುದು ಅವಳಿಗೂ ಗೊತ್ತಿರಲಿಲ್ಲ. ನಾನು ಎರಡನ್ನೂ ಹೊರಳಿಸಿದೆ. ಎಲೆಯ ಮೇಲಿನದಕ್ಕೆ ನೆರಿಗೆ ಬಹಳ ಕಡಿಮೆ, ಒಂದಕ್ಕೊಂದು ದೂರ, ಎತ್ತಿನ ಗಾಡಿಯ ಗಾಲಿಯ ಅರಗಳಂತೆ. ಎಣಿಸಿದೆ: ಹದಿನೈದು, ಹದಿನಾರು, ಹದಿನೇಳು. ಹುಣಸೆ ಬುಡದ್ದಕ್ಕೆ ನೆರಿಗೆ ಒತ್ತೊತ್ತು, ಎಣಿಸಲು ಆಗದಷ್ಟು. ಉಸಿರು ಬಂತು. ಬಲತುದಿಯ ಗಾಲಿಯಲ್ಲಿ ನಾನು ಎಣಿಸಿದ್ದು ಹದಿನಾರು. ಆದರೆ ಆಯಿ ನೆಕ್ಕಿದ್ದು ಬಲತುದಿಯದನ್ನೇ ಎಂದು ಯಾರು ಹೇಳಬೇಕು?

ಮನೆಗೆ ಬಂದು, ಹೆಂಗಸರು ಹೋಗುವುದನ್ನೇ ಕಾದು, ಗೂಡಿಗೆ ತಲೆ ಹಾಕಿದೆ. ಬಲತುದಿಯ ಗಾಲಿ ಅಳಿಸಿಹೋಗಿತ್ತು, ಕಲ್ಲಿನ ಮೇಲೆ ಆಯಿಯ ಮೂರು ಬೆರಳ ಗುರುತು. ಆಯಿ ನೆಕ್ಕಿದ್ದು ಹದಿನಾರು ಗೆರೆಯದನ್ನೇ! ಕೂತಲ್ಲೇ ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ಉಳಿದ ಆರನ್ನು ನೋಡಿದೆ. ಐದರಲ್ಲಿ ಗೆರೆ ದೂರ ದೂರ ಇದ್ದವು. ಎಡಕ್ಕಿದ್ದ ಒಂದರಲ್ಲಿ ಗೆರೆಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು. ಹುಣಸೆ ಬುಡದ್ದು! ಅಷ್ಟು ಪುಡಿಯಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ ಎಂದು ಈಗ ಹೇಳಬಲ್ಲೆ; ಅಂದು ನನ್ನ ಕಣ್ಣಿಗೆ ಓಣಿಯ ಕೂಸುಗಳೆಲ್ಲ ಸಾಲಾಗಿ ಮಲಗಿದಂತೆ ಕಂಡಿತು. ಒದ್ದೆ ಬಟ್ಟೆಯಿಂದ ಅದೊಂದನ್ನು ಒರೆಸಿ ಹಾಕಿದೆ. ಇನ್ನು ಭಯವಿಲ್ಲ, ಬಾಯಿ ಮುಚ್ಚಿಕೊಂಡಿದ್ದರಾಯಿತು ಎಂದುಕೊಂಡೆ. ಆಯಿ ಸಂಜೆಯೂ ಎರಡು ರೊಟ್ಟಿ ಉಂಡಳು, ಅವ್ವನ ಸಾರನ್ನು ಹೊಗಳಿದಳು. ಅವ್ವ ಎಷ್ಟೋ ತಿಂಗಳ ಮೇಲೆ ಹಾಡು ಗುನುಗಿದಳು. ನಿಜ ಹೇಳುತ್ತೇನೆ, ಆ ಸಂಜೆ ನಮ್ಮ ಮನೆಯಲ್ಲಿ ಇದ್ದಷ್ಟು ಸುಖ ನಾನು ಮತ್ತೆಲ್ಲೂ ಕಂಡಿಲ್ಲ. ಅದನ್ನು ಕೆಡಿಸಲು ನನಗೇನು ಹುಚ್ಚೇ?

ಭಾನುವಾರ ಬೆಳಿಗ್ಗೆ ದೇವರ ಮನೆಯಿಂದ ಆಯಿಯ ಕೂಗು ಕೇಳಿತು. ಗೂಡಿನ ಮುಂದೆ ಕುಸಿದು ಕೂತಿದ್ದಳು.

“ಆರ ಇದ್ದೂವು, ಐದ ಆಗ್ಯಾವ. ಒಂದ ತಿರುಗಿ ತಗೊಂಡ ಹೋಗ್ಯಾರ. ನಾ ನಾಕ ಮಂದಿಗೆ ತೋರಿಸಿದ್ದಕ್ಕ ಸಿಟ್ಟಾಗ್ಯಾರ. ಏನ ಪಾಪ ಮಾಡಿದೆ ನಾ!”

ಹಾಗೆ ಅನ್ನುತ್ತ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು, ಒಂದು, ಎರಡು. ನೋಡಲಾಗಲಿಲ್ಲ ನನಗೆ.

“ಆಯೀ, ಅಜ್ಜ ಒಯ್ದಿಲ್ಲ. ನಾ ಒರಸೇನಿ. ಅದು ವಿಭೂತಿ ಅಲ್ಲ, ಅಣಬಿದು. ನಾನ ಇಟ್ಟಿದ್ದೆ.”

ಎಲ್ಲವನ್ನೂ ಹೇಳಿದೆ. ಆಯಿ ಕೇಳಿದಳು, ಎದ್ದಳು, ಬಿಗಿಯಾಗಿ ಒಂದು ಏಟು ಕೊಟ್ಟಳು. ಅವಳು ನನ್ನ ಮೈಮೇಲೆ ಕೈ ಮಾಡಿದ್ದು ಅದೊಂದೇ ಸಲ. ಆಮೇಲೆ ತನ್ನ ಇಳಕಲ್ ಸೀರೆಯ ಸೆರಗಿನಿಂದ ಕಡಪ ಕಲ್ಲನ್ನು ತಿಕ್ಕಿ ತಿಕ್ಕಿ ಒರೆಸಿ, ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಅಂದು ಉಣ್ಣಲಿಲ್ಲ. ಸೋಮವಾರವೂ ಉಣ್ಣಲಿಲ್ಲ, ಬರೀ ನೀರು. ಅವ್ವ ನನ್ನನ್ನು ಹೊಡೆಯಲೂ ಇಲ್ಲ, ಬೈಯಲೂ ಇಲ್ಲ, ಒಮ್ಮೆ ಮಾತ್ರ ಹೇಳಿದಳು.

“ಸುಳ್ಳರ ಇರಲಿ, ಉಣ್ಣಾಕತ್ತಿದ್ಲು. ಒಂದ ನಾಕ ದಿನ ಸುಮ್ಮನಿರಾಕ ಏನಾಗಿತ್ತ ನಿನಗ?”

ಆಯಿ ಹೀಗೇ ಹೋಗಿಬಿಟ್ಟರೆ ಕೊಂದವಳು ನಾನೇ ಎಂದು ಕಂಬದ ಮರೆಯಲ್ಲಿ ಕೂತು ಅವಳ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ.

ಮಂಗಳವಾರ ಆಯಿ ತಾನೇ ಎದ್ದಳು. ಮುಖ ತೊಳೆದು ನನ್ನ ಮುಂದೆ ನಿಂತಳು.

“ನಡಿ. ಎಲ್ಲೈತಿ, ತೋರಸ.”

ಅಪ್ಪ ಬೇಡವೆಂದ, ಅವ್ವ ಕೈ ಹಿಡಿದಳು, ಆಯಿ ಕೇಳಲಿಲ್ಲ. ಒಂದು ಕೈ ನನ್ನ ಹೆಗಲ ಮೇಲಿಟ್ಟು, ಹತ್ತು ಹೆಜ್ಜೆಗೊಮ್ಮೆ ಕೂತು, ಕೊಳ್ಳದವರೆಗೆ ನಡೆದಳು. ಮಾಳವ್ವ ಅಲ್ಲೇ ಇದ್ದಳು. ನಮ್ಮನ್ನು ನೋಡಿ ಗಾಬರಿಯಾಗಿ ಎದ್ದು ದೂರ ಸರಿದು ನಿಂತಳು. ಎರಡು ದಿನ ಬಿಸಿಲು ಬಿದ್ದಿತ್ತು. ಮುತ್ತಲದ ಎಲೆಗಳ ಮೇಲೆ ನನ್ನ ಬಿಳಿ ಅಣಬೆಗಳು ಸುರುಟಿಕೊಂಡು ಎಳ್ಳಿನಷ್ಟಾಗಿದ್ದವು. ತೋರಿಸಲು ಏನೂ ಉಳಿದಿಲ್ಲವಲ್ಲ ಎಂದು ನನಗೆ ಅಳು ಬಂತು. ಮಾಳವ್ವ ತನ್ನ ತಂಬಿಗೆಯ ನೀರನ್ನು ಬೊಗಸೆಯಲ್ಲಿ ಹಿಡಿದು ಆ ಎಲೆಗಳ ಮೇಲೆ ಚಿಮುಕಿಸಿದಳು.

“ಕುಂದರ್ರಿ ಅವ್ವಾರ. ತುಸು ತಡೀರಿ.”

ಕೂತು ನೋಡುತ್ತಿದ್ದಂತೆ ಸುರುಟಿದ್ದು ಒಂದೊಂದೇ ಬಿಡಿಸಿಕೊಂಡಿತು. ಮೊದಲು ಕಾಲು ನೆಟ್ಟಗಾಯಿತು, ಆಮೇಲೆ ಟೊಪ್ಪಿಗೆ ಅರಳಿ ಅಡಿಯ ನೆರಿಗೆ ಹರಡಿಕೊಂಡಿತು. ನನಗೂ ಅದು ಗೊತ್ತಿರಲಿಲ್ಲ, ಬಾಯಿ ಬಿಟ್ಟು ನೋಡಿದೆ. ಆಯಿ ಒಂದು ಎಲೆಯನ್ನು ಕಣ್ಣಿನ ಹತ್ತಿರ ಹಿಡಿದು, ಹೊರಳಿಸಿ, ಗೆರೆಗಳನ್ನು ಬಹಳ ಹೊತ್ತು ನೋಡಿದಳು.

“ಸತ್ತಿದ್ದಿಲ್ಲೇನ ಇದು?”

“ಇಲ್ಲಾಯಿ. ಒಣಗಿತ್ತ ಅಷ್ಟ.”

“ನಿಮ್ಮ ಅಜ್ಜಾರು?”

ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಆ ಮಾತು ಆಡಿರಲಿಲ್ಲ. ಲಿಂಗೈಕ್ಯರಾದರು ಎನ್ನುತ್ತಿದ್ದರು, ಶಿವನ ಪಾದ ಸೇರಿದರು ಎನ್ನುತ್ತಿದ್ದರು. ನಾನು ಮಾಳವ್ವನ ಮುಖ ನೋಡಿದೆ, ಅವಳು ಬೇರೆ ಕಡೆ ನೋಡಿದಳು. ಸುಳ್ಳು ಹೇಳುವ ಧೈರ್ಯ ನನಗೆ ಉಳಿದಿರಲಿಲ್ಲ.

“ಅಜ್ಜ ಸತ್ತಾನಾಯಿ.”

ಆಯಿ ಎಲೆಯನ್ನು ಕೆಳಗಿಟ್ಟು ಅತ್ತಳು. ಸೆರಗು ಬಾಯಿಗೆ ಹಿಡಿಯದೆ, ಗಂಡನ ಹೆಸರು ಹಿಡಿದು, ಕೊಳ್ಳವೆಲ್ಲ ಕೇಳುವಂತೆ ಅತ್ತಳು. ಕುರಿಗಳು ಮೇಯುವುದು ಬಿಟ್ಟು ತಲೆ ಎತ್ತಿದವು. ನಾನು ಅವಳ ಸೊಂಟ ಹಿಡಿದುಕೊಂಡು ಅತ್ತೆ, ಮಾಳವ್ವ ನಿಂತಲ್ಲೇ ಅತ್ತಳು. ಬಹಳ ಹೊತ್ತಾದ ಮೇಲೆ ಆಯಿ ಮೂಗು ಸೀಟಿ, ಮುಖ ಒರೆಸಿಕೊಂಡು, ಗಿಡದ ಟೊಂಗೆಗೆ ತೂಗುಹಾಕಿದ್ದ ಗಂಟಿನ ಕಡೆ ನೋಡಿದಳು.

“ಮಾಳವ್ವಾ, ನಿನ್ನ ಬುತ್ಯಾಗ ಏನೈತಿ?”

“ರೊಟ್ಟಿ, ಗುರೆಳ್ಳ ಹಿಂಡಿ ಐತ್ರಿ. ನೀವ ಉಣ್ಣೂದಲ್ರಿ ಅವ್ವಾರ. ನಮ್ಮ ಮನ್ಯಾಗ ಕುರಿ ಕೊಯ್ತೇವ್ರಿ.”

“ರೊಟ್ಯಾಗ ಕುರಿ ಇಲ್ಲಲ್ಲ? ಬಿಚ್ಚ. ಹೊಟ್ಟಿ ಹಸದೈತಿ ನನಗ.”

ಮಾಳವ್ವ ಗಂಟು ಬಿಚ್ಚಿ ಅರಿವೆ ಸಮೇತ ಮುಂದಿಟ್ಟಳು. ಆಯಿ ರೊಟ್ಟಿ ಮುರಿದು, ಗುರೆಳ್ಳಿನ ಚಟ್ನಿಪುಡಿ ಹಚ್ಚಿ, ಮೊದಲ ತುತ್ತನ್ನು ನನ್ನ ಬಾಯಿಗಿಟ್ಟಳು. ಎರಡನೆಯದನ್ನು ತಾನು ಅಗಿದು ನುಂಗಿ, ಮಾಳವ್ವನ ಕಡೆ ತಿರುಗಿದಳು.

“ಉಪ್ಪ ಕಡಿಮಿ ಆಗೇತಿ ನೋಡ.”